ದಿನ ಸಾಗಲಿಲ್ಲ, ವರ್ಷ ನಿಲ್ಲಲಿಲ್ಲ

ಮೊಬೈಲ್ ಮುಟ್ಟದೆ ಹೇಳಿ. ಬೈರೂತ್ ಬಂದರಿನ ಆ ಭೀಕರ ಸ್ಫೋಟ ಮೊದಲೋ, ಸೂಯೆಜ್ ಕಾಲುವೆಗೆ ಅಡ್ಡಲಾಗಿ ‘ಎವರ್ ಗಿವನ್’ ಹಡಗು ಸಿಕ್ಕಿಕೊಂಡದ್ದು ಮೊದಲೋ? ಎರಡರ ನಡುವೆ ಎಷ್ಟು ತಿಂಗಳು ಹೋದವು? ಟೋಕಿಯೊ ಒಲಿಂಪಿಕ್ಸ್ ಇವೆರಡಕ್ಕಿಂತ ಮುಂಚೆಯೋ, ಆಮೇಲೋ?

ಸ್ಫೋಟ ಆದದ್ದು 2020ರ ಆಗಸ್ಟ್ 4ರಂದು. ಹಡಗು ಸಿಕ್ಕಿಕೊಂಡದ್ದು 2021ರ ಮಾರ್ಚ್ 23ರಂದು, ಅಂದರೆ ಏಳೂವರೆ ತಿಂಗಳ ನಂತರ. ಒಲಿಂಪಿಕ್ಸ್ ನಡೆದದ್ದು 2021ರ ಜುಲೈ-ಆಗಸ್ಟ್‌ನಲ್ಲಿ. ಆದರೆ ಹೆಸರು ಬದಲಿಸುವ ಗೋಜಿಗೆ ಯಾರೂ ಹೋಗಲಿಲ್ಲ, ‘ಟೋಕಿಯೊ 2020’ ಎಂದೇ ಉಳಿಯಿತು. ಕೊರೊನಾದ ಆ ಎರಡು ವರ್ಷಗಳಲ್ಲಿ ನಮ್ಮ ತಲೆಯೊಳಗೆ ಏನಾಗಿತ್ತೋ ಅದನ್ನು ಒಲಿಂಪಿಕ್ ಸಮಿತಿ ಅಧಿಕೃತವಾಗಿಯೇ ಮಾಡಿಬಿಟ್ಟಿತು ಅನ್ನಬಹುದು.

ಪರಿಚಯದವರ ಗುಂಪೊಂದರಲ್ಲಿ ಇದನ್ನೇ ಕೇಳಿದ್ದೆ. ಎಲ್ಲರೂ ಬಹಳ ಖಚಿತವಾಗಿ ಉತ್ತರ ಕೊಟ್ಟರು, ಒಬ್ಬರದ್ದು ಇನ್ನೊಬ್ಬರದಕ್ಕೆ ತಾಳೆಯಾಗಲಿಲ್ಲ. ಹಡಗಿನ ಪ್ರಸಂಗ ಕೊರೊನಾ ಬರುವುದಕ್ಕೆ ಮುಂಚಿನದು ಎಂದು ಒಬ್ಬರು ಪಟ್ಟು ಹಿಡಿದರು. ಇಪ್ಪತ್ತು ವರ್ಷ ಹಿಂದಿನ ಸಂಗತಿಯನ್ನು ತಿಂಗಳ ಸಮೇತ ಹೇಳುವ ಮನುಷ್ಯ ಅವರು.

ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಸಂಶೋಧಕರು 2022ರ ಮೇನಲ್ಲಿ 277 ಜನರಿಗೆ ಹೆಚ್ಚುಕಡಿಮೆ ಇದೇ ಪರೀಕ್ಷೆ ಕೊಟ್ಟಿದ್ದರು. 2017ರಿಂದ 2021ರವರೆಗಿನ ಹೆಸರಾಂತ ಘಟನೆಗಳು ಯಾವ ವರ್ಷದವು ಎಂದು ಹೇಳಬೇಕು, ಅಷ್ಟೆ. ಹತ್ತಿರದ ಘಟನೆಗಳಲ್ಲಿ ತಪ್ಪು ಕಡಿಮೆ, ದೂರದವುಗಳಲ್ಲಿ ಹೆಚ್ಚು ಇರಬೇಕು ತಾನೆ? ಹಾಗಾಗಲಿಲ್ಲ. ಕಳೆದ ವರ್ಷವಷ್ಟೇ ಆಗಿದ್ದ 2021ರ ಘಟನೆಗಳ ವಿಷಯದಲ್ಲೂ ಜನ ಮೂರು ನಾಲ್ಕು ವರ್ಷ ಹಳೆಯ ಘಟನೆಗಳಲ್ಲಿ ತಪ್ಪಿದಷ್ಟೇ ತಪ್ಪಿದರು. ಖಿನ್ನತೆ, ಆತಂಕ ಹೆಚ್ಚಿದ್ದವರು ಇನ್ನೂ ಹೆಚ್ಚು ತಪ್ಪಿದರು.

ಹಳೆಯದು ಮಸುಕಾಗುವುದು ಮಾಮೂಲಿ ಮರೆವು. ಇಲ್ಲಿ ಮಸುಕಾದದ್ದು ಹೊಸದು. ಇನ್ನೂ ವಿಚಿತ್ರವೆಂದರೆ, ಲಾಕ್‌ಡೌನಿನ ಆ ದಿನಗಳಲ್ಲಿ ನಾವೆಲ್ಲ ಗೊಣಗುತ್ತಿದ್ದದ್ದು ಹೊತ್ತೇ ಹೋಗುತ್ತಿಲ್ಲ ಎಂದು. ಮಧ್ಯಾಹ್ನವಾಗುವಷ್ಟರಲ್ಲಿ ಒಂದು ಯುಗ ಕಳೆದಂತೆ ಅನ್ನಿಸುತ್ತಿತ್ತು. ಸಾಗದ ದಿನಗಳನ್ನು ಮುನ್ನೂರ ಅರವತ್ತು ಸಲ ಕೂಡಿಸಿದರೆ ಬಹಳ ಉದ್ದದ ವರ್ಷವೊಂದು ಸಿಗಬೇಕಿತ್ತು. ಸಿಕ್ಕಿದ್ದು, ಇತ್ತೋ ಇಲ್ಲವೋ ಎಂಬಂಥ ವರ್ಷ.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಇದರ ಬುಡ ಹಿಡಿದಿದ್ದ. ನಾನಾ ಅನುಭವಗಳಿಂದ ತುಂಬಿದ ಕಾಲ ಸಾಗುವಾಗ ಚಿಕ್ಕದು, ಹಿಂತಿರುಗಿ ನೋಡಿದಾಗ ದೊಡ್ಡದು. ಏನೂ ನಡೆಯದ ಕಾಲ ಸಾಗುವಾಗ ದೊಡ್ಡದು, ಹಿಂತಿರುಗಿ ನೋಡಿದಾಗ ಚಿಕ್ಕದು ಎಂಬುದು ಅವನ ಮಾತಿನ ಸಾರ. ಈಗಿನ ಮನಶ್ಶಾಸ್ತ್ರವೂ ಈ ಎರಡು ಅಳತೆಗಳನ್ನು ಬೇರೆಬೇರೆಯಾಗಿಯೇ ಇಟ್ಟಿದೆ. ಸಾಗುತ್ತಿರುವ ಸಮಯವನ್ನು ಅಳೆಯುವುದು ಗಮನ. ನಾವು ಎಷ್ಟು ಸಲ ಅದರ ಕಡೆ ನೋಡುತ್ತೇವೋ ಅಷ್ಟು ಅದು ನಿಲ್ಲುತ್ತದೆ. ಕಳೆದ ಸಮಯವನ್ನು ಅಳೆಯುವುದು ನೆನಪು. ಎಷ್ಟು ಬೇರೆಬೇರೆ ನೆನಪುಗಳು ಕೈಗೆ ಸಿಗುತ್ತವೆಯೋ ಅಷ್ಟು ಕಾಲ ಕಳೆದಿರಬೇಕು ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಲಾಕ್‌ಡೌನ್ ಮೊದಲನೆಯದನ್ನು ಹಿಗ್ಗಿಸಿತು, ಎರಡನೆಯದನ್ನು ಬರಿದು ಮಾಡಿತು.

ಹಾಗಂತ ಎಲ್ಲರಿಗೂ ಹೊತ್ತು ನಿಂತಿರಲಿಲ್ಲ. ಲಿವರ್‌ಪೂಲ್ ಜಾನ್ ಮೂರ್ಸ್ ವಿಶ್ವವಿದ್ಯಾಲಯದ ರೂತ್ ಆಗ್ಡೆನ್ 2020ರ ಏಪ್ರಿಲ್‌ನಲ್ಲಿ, ಬ್ರಿಟನ್ನಿನ ಮೊದಲ ಲಾಕ್‌ಡೌನ್ ನಡೆಯುತ್ತಿದ್ದಾಗಲೇ, 604 ಜನರನ್ನು ಕೇಳಿದರು. ಶೇಕಡ 80ಕ್ಕೂ ಹೆಚ್ಚು ಜನರಿಗೆ ಸಮಯದ ನಡಿಗೆ ಬದಲಾದಂತೆ ಅನ್ನಿಸಿತ್ತು. ಅವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ನಿಧಾನ, ಇನ್ನರ್ಧಕ್ಕೆ ವೇಗ. ನಿಧಾನ ಎಂದವರಲ್ಲಿ ವಯಸ್ಸಾದವರು, ಕೈಗೆ ಕೆಲಸವಿಲ್ಲದವರು, ಒತ್ತಡದಲ್ಲಿದ್ದವರು, ಜನರ ಒಡನಾಟ ಸಾಲದೆ ಕೊರಗುತ್ತಿದ್ದವರು ಹೆಚ್ಚು. ಫ್ರಾನ್ಸಿನಲ್ಲಿ ಸಿಲ್ವಿ ದ್ರುವಾ-ವೊಲೆ ಮತ್ತು ಸಂಗಡಿಗರಿಗೆ ಸಿಕ್ಕ ಚಿತ್ರ ಸ್ವಲ್ಪ ಬೇರೆ. ಅಲ್ಲಿ ಹೊತ್ತನ್ನು ಎಳೆದದ್ದು ರೋಗದ ಭಯವಲ್ಲ, ಬೇಸರ ಮತ್ತು ದುಃಖ. ಬ್ರೆಜಿಲ್‌ನಲ್ಲಿ ತಿಂಗಳುಗಟ್ಟಲೆ ಅದೇ ಜನರನ್ನು ಮತ್ತೆ ಮತ್ತೆ ಕೇಳಿ ನಡೆಸಿದ ಅಧ್ಯಯನದಲ್ಲಿ, ಮೊದಮೊದಲು ನಿಧಾನ ಎಂದವರೇ ಬಹಳ, ವಾರಗಳು ಉರುಳಿದಂತೆ ಆ ಭಾವನೆ ಇಳಿಯುತ್ತ ಬಂತು.

ಇವನ್ನೆಲ್ಲ ಓದುವಾಗ ನನ್ನದೊಂದು ತಕರಾರು ಇದ್ದೇ ಇರುತ್ತದೆ. ಇವು ಬಹುಪಾಲು ಆನ್‌ಲೈನ್ ಪ್ರಶ್ನಾವಳಿಗಳು. ಕುಳಿತು ಭರ್ತಿ ಮಾಡುವಷ್ಟು ಬಿಡುವು ಇದ್ದವರ ಸಮಯ ಮಾತ್ರ ಇಲ್ಲಿ ದಾಖಲಾಗಿದೆ. ತೀವ್ರನಿಗಾ ಘಟಕದಲ್ಲಿ ನರ್ಸ್ ಆಗಿದ್ದ ಗೆಳತಿಗೂ ಇವತ್ತು ಯಾವ ವಾರ ಎಂದು ಗೊತ್ತಿರುತ್ತಿರಲಿಲ್ಲ, ನನಗೂ ಗೊತ್ತಿರುತ್ತಿರಲಿಲ್ಲ. ಇಬ್ಬರದ್ದೂ ಒಂದೇ ಲಕ್ಷಣ, ಕಾಯಿಲೆ ಬೇರೆ. ಅವಳ ಗಂಟೆಗಳನ್ನು ಅಳೆಯುತ್ತಿದ್ದದ್ದು ಆ ರಕ್ಷಣಾ ಉಡುಪನ್ನು ಇನ್ನೆಷ್ಟು ಹೊತ್ತಿಗೆ ಕಳಚಬಹುದು ಎಂಬ ಒಂದೇ ಸಂಗತಿ. ‘ಲಾಕ್‌ಡೌನ್ ನಮಗೆ ಸಮಯವನ್ನು ಮರಳಿ ಕೊಟ್ಟಿತು’ ಎಂದು ಆಗ ಬರೆಯುತ್ತಿದ್ದವರ ಲೇಖನಗಳನ್ನು ಅವಳಿಗೆ ಕಳಿಸುವ ಧೈರ್ಯ ನನಗಂತೂ ಇರಲಿಲ್ಲ. ಒಂದು ತೊಡೆಯ ಮೇಲೆ ಲ್ಯಾಪ್‌ಟಾಪ್, ಇನ್ನೊಂದರ ಮೇಲೆ ಮಗು ಇಟ್ಟುಕೊಂಡು ಕೆಲಸ ಮಾಡಿದ ತಾಯಂದಿರಿಗೂ ಯಾರೂ ಏನನ್ನೂ ಮರಳಿ ಕೊಡಲಿಲ್ಲ.

ಇರಲಿ, ಮೂಲ ಪ್ರಶ್ನೆಗೆ ಬರೋಣ. ಬೆಳಕಿಗೆ ಕಣ್ಣಿದೆ, ಸದ್ದಿಗೆ ಕಿವಿಯಿದೆ. ಸಮಯವನ್ನು ಗ್ರಹಿಸಲು ನಮಗೆ ಯಾವ ಇಂದ್ರಿಯವೂ ಇಲ್ಲ. ಮಿದುಳಿನ ಬುಡದಲ್ಲಿ ಸುಮಾರು 20,000 ನರಕೋಶಗಳ ಪುಟ್ಟ ಗೊಂಚಲೊಂದು ನಿದ್ದೆ, ಎಚ್ಚರ, ಮೈಶಾಖದ ದಿನಚರಿಯನ್ನು ನಡೆಸುತ್ತದೆ ನಿಜ. ಆದರೆ ಅದು ದಿನದ ಲಯ ಹಿಡಿಯುವ ಯಂತ್ರವೇ ಹೊರತು ‘ಎಷ್ಟು ದಿನವಾಯಿತು’ ಎಂದು ಹೇಳುವ ಕ್ಯಾಲೆಂಡರ್ ಅಲ್ಲ. ಇದನ್ನು ತನ್ನ ಮೈಮೇಲೇ ಪ್ರಯೋಗ ಮಾಡಿ ತೋರಿಸಿದವನು ಫ್ರಾನ್ಸಿನ ಭೂವಿಜ್ಞಾನಿ ಮಿಶೆಲ್ ಸಿಫ್ರ್.

1962ರ ಜುಲೈ. ಸಿಫ್ರ್‌ಗೆ ಆಗ 23 ವರ್ಷ. ಆಲ್ಪ್ಸ್ ಪರ್ವತದ ಸ್ಕರಾಸೊನ್ ಎಂಬ ಹಿಮಗುಹೆಯೊಳಗೆ ಗಡಿಯಾರವಿಲ್ಲದೆ, ಸೂರ್ಯನ ಬೆಳಕಿಲ್ಲದೆ, ಒಬ್ಬನೇ ಇಳಿದ. ಮೇಲಿದ್ದ ತಂಡಕ್ಕೆ ಫೋನ್ ಸಂಪರ್ಕ ಇತ್ತು. ಎದ್ದಾಗ, ಮಲಗುವಾಗ ಅವನು ತಿಳಿಸಬೇಕು, ಮೇಲಿನವರು ಮಾತ್ರ ತಪ್ಪಿಯೂ ಹೊತ್ತು ಹೇಳುವ ಹಾಗಿಲ್ಲ. ಸೆಪ್ಟೆಂಬರ್ 14ರಂದು ಅವಧಿ ಮುಗಿಯಿತು ಎಂದು ಕರೆದಾಗ ಅವನ ಲೆಕ್ಕದಲ್ಲಿ ಅಂದು ಆಗಸ್ಟ್ 20! ಎರಡು ತಿಂಗಳಲ್ಲಿ ಹೆಚ್ಚುಕಡಿಮೆ 25 ದಿನ ಅವನ ಲೆಕ್ಕದಿಂದ ಜಾರಿಹೋಗಿದ್ದವು. ಒಳಗಿದ್ದಾಗ ಸೆಕೆಂಡಿಗೆ ಒಂದರಂತೆ 120ರವರೆಗೆ ಎಣಿಸು ಎಂದರೆ ಅವನು ಐದು ನಿಮಿಷ ತೆಗೆದುಕೊಂಡಿದ್ದ. ಎರಡು ನಿಮಿಷದ ಕೆಲಸ ಅದು. ಸ್ವಾರಸ್ಯವೆಂದರೆ, ಮೈ ಮಾತ್ರ ಲೆಕ್ಕ ತಪ್ಪಿರಲಿಲ್ಲ. ಅವನ ನಿದ್ದೆ-ಎಚ್ಚರದ ಚಕ್ರ 24 ಗಂಟೆಗಿಂತ ತುಸು ಹೆಚ್ಚಿನ ಲಯದಲ್ಲಿ ನೆಟ್ಟಗೆ ತಿರುಗುತ್ತಲೇ ಇತ್ತು.

2021ರ ವಸಂತದಲ್ಲಿ, ಲೋಕವೆಲ್ಲ ಮನೆಯಿಂದ ಹೊರಬಿದ್ದರೆ ಸಾಕಪ್ಪಾ ಅನ್ನುತ್ತಿದ್ದಾಗ, ಕ್ರಿಸ್ಟಿಯಾನ್ ಕ್ಲೋ ಎಂಬವರ ನೇತೃತ್ವದಲ್ಲಿ ಹದಿನೈದು ಜನ ತಾವಾಗಿಯೇ ದಕ್ಷಿಣ ಫ್ರಾನ್ಸಿನ ಲೊಂಬ್ರೀವ್ ಗುಹೆಯೊಳಗೆ ಹೋಗಿ ಕುಳಿತರು. ಗಡಿಯಾರವಿಲ್ಲ, ಫೋನಿಲ್ಲ, ಸೂರ್ಯನ ಬೆಳಕಿಲ್ಲ. 40 ದಿನ ಕಳೆದು ಹೊರಗೆ ಕರೆದಾಗ ಒಳಗೆ ಅಂದಾಜು 30 ದಿನ ಆಗಿತ್ತು. ಗುಂಪಾಗಿದ್ದರೂ ಜಾರುವುದು ಜಾರಿತ್ತು.

ಗುಹೆಯ ಈ ಕಥೆಗಳನ್ನು ಲಾಕ್‌ಡೌನ್‌ಗೆ ಹೋಲಿಸುವವರು ಒಂದು ದೊಡ್ಡ ವ್ಯತ್ಯಾಸವನ್ನು ಮರೆಯುತ್ತಾರೆ. ಸಿಫ್ರ್ ಬಳಿ ಗಡಿಯಾರ ಇರಲಿಲ್ಲ. ನಮ್ಮ ಬಳಿ ಗೋಡೆಯ ಮೇಲೆ, ಮಣಿಕಟ್ಟಿನ ಮೇಲೆ, ಫೋನಿನಲ್ಲಿ, ಲ್ಯಾಪ್‌ಟಾಪಿನ ಮೂಲೆಯಲ್ಲಿ, ಎಲ್ಲಿ ನೋಡಿದರೂ ತಾರೀಖು ಸಮೇತ ಹೊತ್ತು ಇತ್ತು. ಕಿಟಕಿಯಾಚೆ ಸೂರ್ಯ ತಪ್ಪದೆ ಹುಟ್ಟಿ ಮುಳುಗುತ್ತಿದ್ದ. ಆದರೂ ಕಳೆದುಹೋದೆವು. ಹಾಗಾದರೆ ನಮಗೆ ಹೊತ್ತುಗೊತ್ತು ಹೇಳುತ್ತಿದ್ದದ್ದು ಗಡಿಯಾರವಲ್ಲ. ಬೇರೆ ಏನೋ ಇತ್ತು, ಅದನ್ನು ಬಾಗಿಲ ಹೊರಗೆ ಬಿಟ್ಟು ಚಿಲಕ ಹಾಕಿಕೊಂಡಿದ್ದೆವು.

ಅದರಲ್ಲಿ ಒಂದು, ಜಾಗ ಬದಲಾಗುವುದು. ಮನಸ್ಸು ದಿನವನ್ನು ಒಂದೇ ಹರಿವಾಗಿ ಇಟ್ಟುಕೊಳ್ಳುವುದಿಲ್ಲ, ತುಂಡು ತುಂಡು ಮಾಡಿ ಇಡುತ್ತದೆ. ಎಲ್ಲಿ ಏನಾದರೂ ಬದಲಾಗುತ್ತದೋ ಅಲ್ಲಿ ಒಂದು ತುಂಡು ಮುಗಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗೇಬ್ರಿಯಲ್ ರಾಡ್ವಾನ್ಸ್ಕಿ ಮತ್ತು ಸಹೋದ್ಯೋಗಿಗಳು 2011ರಲ್ಲಿ ತೋರಿಸಿದಂತೆ, ಒಂದು ಕೋಣೆಯ ಬಾಗಿಲು ದಾಟಿ ಇನ್ನೊಂದಕ್ಕೆ ಹೋದರೂ ಸಾಕು, ಮನಸ್ಸು ಹಿಂದಿನ ಕೋಣೆಯ ವಿಷಯವನ್ನು ಬದಿಗಿಟ್ಟುಬಿಡುತ್ತದೆ. ಏನೋ ತರಲು ಒಳಗೆ ಹೋಗಿ ‘ಯಾಕೆ ಬಂದೆ?’ ಎಂದು ನಿಲ್ಲುತ್ತೇವಲ್ಲ, ಅದು. (ಆಮೇಲಿನ ಕೆಲವು ಪ್ರಯೋಗಗಳಲ್ಲಿ ಈ ಪರಿಣಾಮ ಅಷ್ಟು ಜೋರಾಗಿ ಕಾಣಲಿಲ್ಲ. ಅದನ್ನೂ ಹೇಳದಿದ್ದರೆ ಸರಿಯಲ್ಲ.) ಕೆಲಸಕ್ಕೆ ಹೋಗುವ ದಾರಿ, ಬಸ್ಸಿನ ಕಿಟಕಿ, ಲಿಫ್ಟಿನಲ್ಲಿ ಸಿಕ್ಕವರು, ವಾಪಸ್ ಬರುವಾಗಿನ ಕತ್ತಲು, ಇವೆಲ್ಲ ನಾವು ಬೈದುಕೊಳ್ಳುತ್ತಿದ್ದ ಗಂಟೆಗಳು. ದಿನಕ್ಕೆ ಗಂಟುಗಳನ್ನು ಹಾಕುತ್ತಿದ್ದವು ಅವೇ. ಗಂಟಿಲ್ಲದ ದಾರ ಎಷ್ಟು ಉದ್ದವಿದ್ದರೂ ಬೆರಳಿಗೆ ಲೆಕ್ಕ ಸಿಗುವುದಿಲ್ಲ.

ಅದೇ ಕುರ್ಚಿಯಲ್ಲಿ ಕುಳಿತು ಮೀಟಿಂಗ್, ಅದೇ ಪರದೆಯಲ್ಲಿ ಹುಟ್ಟುಹಬ್ಬ, ಅದೇ ಪರದೆಯಲ್ಲಿ ಮಗಳ ಪಾಠ, ಸಂಜೆ ಅದರಲ್ಲೇ ಸಿನಿಮಾ. ನಡೆದದ್ದು ಕಡಿಮೆಯೇನಲ್ಲ. ಎಲ್ಲವೂ ಒಂದೇ ಚೌಕಟ್ಟಿನೊಳಗೆ ನಡೆದವು, ನೆನಪಿಗೆ ಒಂದರ ಮೇಲೊಂದು ಅಂಟಿಕೊಂಡವು. 2020ರ ಫೋಟೊಗಳನ್ನು ಕೆಳಗಿನ ತಾರೀಖು ಮುಚ್ಚಿ ನೋಡಿದರೆ ನನಗೆ ತಿಂಗಳು ಗುರುತಿಸಲು ಇರುವ ಒಂದೇ ದಾರಿ ತಲೆಗೂದಲು. ಕಿವಿಗೆ ತಾಗುತ್ತಿದ್ದರೆ ಮೇ, ಕಿವಿಯ ಮೇಲೆ ಇಳಿಯುತ್ತಿದ್ದರೆ ಜೂನ್. ಮನೆಯವರ ಕೈಗೆ ಕತ್ತರಿ ಕೊಟ್ಟ ಪರಿಣಾಮ ಎದ್ದು ಕಾಣುತ್ತಿದ್ದರೆ ಅದಾದ ನಂತರದ್ದು.

ಎರಡನೆಯದು ಇನ್ನೂ ಮುಖ್ಯ. ಅದು ಬೇರೆಯವರು.

ದಿನಕ್ಕೆ ಸೂರ್ಯನಿದ್ದಾನೆ, ತಿಂಗಳಿಗೆ ಚಂದ್ರನಿದ್ದಾನೆ, ವರ್ಷಕ್ಕೆ ಋತುಗಳಿವೆ. ವಾರಕ್ಕೆ ಆಕಾಶದಲ್ಲಿ ಇಂಥದ್ದೇನೂ ಇಲ್ಲ. ಏಳು ದಿನಕ್ಕೊಮ್ಮೆ ಪ್ರಕೃತಿಯಲ್ಲಿ ಏನೂ ಮರಳಿ ಬರುವುದಿಲ್ಲ. ವಾರ ಅನ್ನುವುದು ಮನುಷ್ಯರು ಒಬ್ಬರಿಗೊಬ್ಬರು ಮಾಡಿಕೊಂಡ ಒಪ್ಪಂದ. ಅದನ್ನು ಮುರಿಯಲು ಹೋದ ಸರ್ಕಾರಗಳ ಕಥೆ ಲಾಕ್‌ಡೌನ್ ಬಗ್ಗೆ ಗುಹೆಗಳಿಗಿಂತ ಹೆಚ್ಚು ಹೇಳುತ್ತದೆ ಎಂದು ನನ್ನ ಅನಿಸಿಕೆ. ಕ್ರಾಂತಿಯ ನಂತರ ಫ್ರಾನ್ಸ್ 1793ರಲ್ಲಿ ಹತ್ತು ದಿನದ ವಾರ ತಂದಿತು. ಏಳು ದಿನಕ್ಕೆ ಸಿಗುತ್ತಿದ್ದ ವಿರಾಮ ಹತ್ತಕ್ಕೆ ಹೋಯಿತು, ಜನ ಮನಸಾರೆ ಒಪ್ಪಲೇ ಇಲ್ಲ, ಹೊಸ ವರ್ಷ 1806 ಬರುವ ಹೊತ್ತಿಗೆ ಆ ಪಂಚಾಂಗವೇ ರದ್ದಾಯಿತು. ಸೋವಿಯತ್ ಒಕ್ಕೂಟ 1929ರಲ್ಲಿ ಮಾಡಿದ ಪ್ರಯೋಗ ಇನ್ನೂ ವಿಚಿತ್ರ. ಯಂತ್ರಗಳು ಒಂದು ದಿನವೂ ನಿಲ್ಲಬಾರದೆಂದು ಐದು ದಿನದ ವಾರ ಮಾಡಿ, ಕೆಲಸಗಾರರನ್ನು ಐದು ಗುಂಪು ಮಾಡಿ, ಒಂದೊಂದಕ್ಕೆ ಒಂದೊಂದು ಬಣ್ಣ ಕೊಟ್ಟರು. ಪ್ರತಿ ಬಣ್ಣಕ್ಕೂ ಬೇರೆ ರಜೆ. ಲೆಕ್ಕಕ್ಕೆ ನೋಡಿದರೆ ರಜೆ ಹೆಚ್ಚಾಗಿತ್ತು, ಐದು ದಿನಕ್ಕೆ ಒಂದು! ಆದರೆ ಗಂಡನದ್ದು ಒಂದು ಬಣ್ಣ, ಹೆಂಡತಿಯದ್ದು ಇನ್ನೊಂದು, ಸ್ನೇಹಿತನದ್ದು ಮತ್ತೊಂದು. ಮನೆಯಲ್ಲಿ ಒಬ್ಬನೇ ಕೂರುವ ರಜೆ ಯಾರಿಗೆ ಬೇಕು ಎಂದು ಜನ ಗೊಣಗಿದರು. 1931ರಲ್ಲಿ ಎಲ್ಲರಿಗೂ ಒಂದೇ ರಜೆಯಿರುವ ಆರು ದಿನದ ವಾರಕ್ಕೆ ಬದಲಾಯಿಸಿದರು, 1940ರಲ್ಲಿ ಏಳಕ್ಕೇ ಮರಳಿದರು.

ಅಲ್ಲಿ ಎಲ್ಲರಿಗೂ ರಜೆ ಇತ್ತು, ಒಂದೇ ದಿನ ಇರಲಿಲ್ಲ. 2020ರಲ್ಲಿ ನಮಗೆ ಒಂದೇ ದಿನ ಇತ್ತು, ಅದನ್ನು ಕೂಡಿ ಕಳೆಯಲು ಆಗುತ್ತಿರಲಿಲ್ಲ. ಎರಡೂ ಕಡೆ ಸತ್ತದ್ದು ಒಂದೇ. ಭಾನುವಾರ ಭಾನುವಾರವಾಗುವುದು ಬೇರೆಯವರಿಗೂ ಅದು ಭಾನುವಾರವಾಗಿರುವುದರಿಂದ: ಬೀದಿಯ ಸದ್ದು ಬೇರೆ, ಬರುವವರು ಬೇರೆ, ಉಡುವ ಬಟ್ಟೆ ಬೇರೆ. ಅಮೆರಿಕದಲ್ಲಿ ಅಲಿಸನ್ ಹೋಲ್ಮನ್ ಮತ್ತು ಸಂಗಡಿಗರು ನಡೆಸಿದ ದೊಡ್ಡ ಸಮೀಕ್ಷೆಯಲ್ಲಿ ವಾರದ ದಿನಕ್ಕೂ ವಾರಾಂತ್ಯಕ್ಕೂ ವ್ಯತ್ಯಾಸವೇ ಗೊತ್ತಾಗುತ್ತಿಲ್ಲ ಎಂಬುದು ಅತಿ ಹೆಚ್ಚು ಜನ ಹೇಳಿದ ದೂರುಗಳಲ್ಲಿ ಒಂದು.

ಇದನ್ನು ಜನ ಒಳಗೊಳಗೇ ಅರಿತಿದ್ದರು ಅನ್ನಿಸುತ್ತದೆ. ಬ್ರಿಟನ್ನಿನಲ್ಲಿ 2020ರ ಮಾರ್ಚ್ 26ರಿಂದ ಮೇ 28ರವರೆಗೆ, ಹತ್ತು ವಾರ, ಪ್ರತಿ ಗುರುವಾರ ರಾತ್ರಿ 8ಕ್ಕೆ ಜನ ಬಾಗಿಲಿಗೆ ಬಂದು ಆರೋಗ್ಯ ಸಿಬ್ಬಂದಿಗಾಗಿ ಚಪ್ಪಾಳೆ ತಟ್ಟಿದರು. ಚಪ್ಪಾಳೆಯಿಂದ ನರ್ಸುಗಳಿಗೆ ಏನು ಬಂತು ಎಂಬ ಟೀಕೆ ಆಗಲೇ ಇತ್ತು, ಅದು ನ್ಯಾಯವಾದದ್ದೇ. ಆದರೆ ತಟ್ಟಿದವರಿಗೆ ಅದರಿಂದ ಒಂದು ಗುರುವಾರ ಸಿಕ್ಕಿತು.

ಮೂರನೆಯದು, ಕೊನೆ ಯಾವಾಗ ಎಂಬುದು. ಮಂಗಳಯಾನದ ಅಭ್ಯಾಸಕ್ಕೆಂದು ಮಾಸ್ಕೋದಲ್ಲಿ ಆರು ಜನ 2010ರ ಜೂನ್‌ನಿಂದ 2011ರ ನವೆಂಬರ್‌ವರೆಗೆ, 520 ದಿನ, ಮುಚ್ಚಿದ ಕೊಠಡಿಗಳಲ್ಲಿ ಇದ್ದರು. ಕಷ್ಟವೇ ಆಯಿತು, ಒಬ್ಬನ ದಿನಚರಿ ಸುಮಾರು 25 ಗಂಟೆಗೆ ಜಾರಿ ಉಳಿದವರ ಹಗಲು ಅವನಿಗೆ ರಾತ್ರಿಯಾಗುವಷ್ಟು. ಆದರೆ ಬಾಗಿಲು ಯಾವಾಗ ತೆರೆಯುತ್ತದೆಂದು ಅವರಿಗೆ ಮೊದಲೇ ಗೊತ್ತಿತ್ತು. ವುಹಾನ್ ನಗರವನ್ನು 2020ರ ಜನವರಿ 23ರಂದು ಮುಚ್ಚಿದಾಗ ಅದು 76 ದಿನ ಎಂದು ಒಳಗಿದ್ದವರಿಗೆ ಯಾರೂ ಹೇಳಿರಲಿಲ್ಲ. ಬೇರೆ ಕಡೆಗಳಲ್ಲೂ ಎರಡು ವಾರ, ಮೂರು ವಾರ ಎಂದು ಶುರುವಾಗಿ ಮತ್ತೆ ಮತ್ತೆ ವಿಸ್ತರಣೆ. ಇನ್ನು ಇಷ್ಟೇ ದಿನ ಎಂದು ಬೆರಳು ಮಡಚಿದವರು ಪ್ರತಿ ಸಲವೂ ಮೊದಲಿನಿಂದ ಮಡಚಬೇಕಾಯಿತು. ಕೊನೆ ಗೊತ್ತಿಲ್ಲದ ಕಡೆ ನಡುವೆಯೂ ಇರುವುದಿಲ್ಲ. ಅರ್ಧ ಮುಗಿಯಿತು ಎಂಬ ಸಮಾಧಾನಕ್ಕೂ ಒಂದು ಅಂತ್ಯ ಬೇಕು. ಸ್ವಲ್ಪ ದಿನಕ್ಕೆ ಲೆಕ್ಕ ಹಾಕುವುದನ್ನೇ ಬಿಟ್ಟೆವು. ನನ್ನ ಮಟ್ಟಿಗೆ, ಸಮಯ ಸವೆದದ್ದು ಆವಾಗಿನಿಂದ.

ಆದಕಾರಣ ಹೊತ್ತು ಹೋಗದ ಬೇಸರವನ್ನು ನಾನು ದೊಡ್ಡದು ಮಾಡುವುದಿಲ್ಲ. ಬೇಸರ ಬಂತು, ಹೋಯಿತು. ಹೋದದ್ದು ತಿರುವುಗಳು. ಕಾಲೇಜಿನ ಕೊನೆಯ ದಿನ ಎಂಬುದೇ ಇಲ್ಲದೆ ಕಾಲೇಜು ಮುಗಿಸಿದ ಹುಡುಗರಿದ್ದಾರೆ. ಒಂದು ಮಾರ್ಚ್ ಸಂಜೆ ‘ನಾಳೆ ಸಿಗೋಣ’ ಎಂದು ಎದ್ದು ಬಂದವರು ಮತ್ತೆ ಆ ತರಗತಿಗೆ ಹೋಗಲೇ ಇಲ್ಲ. ಬೀಳ್ಕೊಡುಗೆಯಿಲ್ಲದೆ ನಿವೃತ್ತರಾದವರು, ಸಹೋದ್ಯೋಗಿಗಳ ಮುಖವನ್ನು ವರ್ಷದ ಮೇಲೆ ಮೊದಲ ಬಾರಿ ನೇರವಾಗಿ ಕಂಡವರು ಎಲ್ಲ ಕಡೆ ಇದ್ದಾರೆ. ಒಂದು ಹಂತ ಮುಗಿಯಿತು ಎಂದು ಗುರುತು ಹಾಕಲು ಮನುಷ್ಯ ಎಲ್ಲ ಕಾಲದಲ್ಲೂ ಜನ ಸೇರಿಸಿದ್ದಾನೆ. ಜನ ಸೇರದೆ ಮುಗಿದದ್ದು ಮನಸ್ಸಿಗೆ ಮುಗಿದಂತೆ ಆಗಿಲ್ಲ.

ಸಾವಿನ ವಿಷಯದಲ್ಲಿ ಇದು ಎಲ್ಲಕ್ಕಿಂತ ಕಠಿಣ. ಆ ದಿನಗಳಲ್ಲಿ ತಂದೆಯನ್ನು ಕಳೆದುಕೊಂಡ ಸಹೋದ್ಯೋಗಿಯೊಬ್ಬಳಿದ್ದಾಳೆ. ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟದ್ದೇ ಕೊನೆ. ಅಂತ್ಯಸಂಸ್ಕಾರ ನೋಡಿದ್ದು ಯಾರೋ ಹಿಡಿದುಕೊಂಡಿದ್ದ ಫೋನಿನಲ್ಲಿ, ನಡುನಡುವೆ ಚಿತ್ರ ನಿಂತುಹೋಗುತ್ತಿತ್ತಂತೆ. ಬಂದು ಕೈ ಹಿಡಿದವರಿಲ್ಲ, ಮನೆ ತುಂಬಿ ಬರಿದಾಗಲಿಲ್ಲ. ಅವಳ ತಾರೀಖಿನಲ್ಲಿ ಯಾವ ಗೊಂದಲವೂ ಇಲ್ಲ. ತಾರೀಖು, ವಾರ, ಆಸ್ಪತ್ರೆಯಿಂದ ಕರೆ ಬಂದ ಗಂಟೆ, ಎಲ್ಲ ಹೇಳುತ್ತಾಳೆ. ‘ದಿನ ಗೊತ್ತು ಸರ್, ಎಷ್ಟು ಕಾಲ ಆಯ್ತು ಅನ್ನೋದು ಮಾತ್ರ ಗೊತ್ತಾಗೋದಿಲ್ಲ’ ಅಂದಳು ಒಮ್ಮೆ. ಅಜ್ಜಿ ಹೋದ ಮೇಲಿನ ವರ್ಷಗಳು ಅವಳಿಗೆ ಉದ್ದವಾಗಿಯೇ ಇವೆ. ಅಪ್ಪ ಹೋದ ಮೇಲಿನವು ಇಲ್ಲ. ಎಷ್ಟು ವರ್ಷವಾಯಿತು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಈಗಿನ ಇಸವಿಯಿಂದ 2020 ಕಳೆದು, ಲೆಕ್ಕ ಹಾಕಿಯೇ ಹೇಳುತ್ತಾಳೆ.